ಅನ್ನ ಬಿಡುವ ಮುನ್ನ ಮಾತ್ರೆಯ ಚೀಟಿ ನೋಡಿ

ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದ ಕೂಡಲೇ ಸಲಹೆಗಳಿಗೆ ಬರವಿರುವುದಿಲ್ಲ. ಮೆಂತ್ಯ ನೆನೆಹಾಕಿ ಕುಡಿಯಿರಿ ಎನ್ನುವವರು ಒಬ್ಬರು, ಹಾಗಲಕಾಯಿ ರಸ ಎನ್ನುವವರು ಇನ್ನೊಬ್ಬರು. ಈಗ ಈ ಸಾಲಿಗೆ ಸೇರಿರುವುದು ‘ಕೀಟೋ’. ‘ಅನ್ನ, ರೊಟ್ಟಿ ಪೂರ್ತಿ ಬಿಡಿ, ಬೆಣ್ಣೆ, ತುಪ್ಪ, ಪನೀರ್, ಮೊಟ್ಟೆ ಧಾರಾಳವಾಗಿ ತಿನ್ನಿ, ಮೂರು ತಿಂಗಳಲ್ಲಿ ಮಾತ್ರೆಯ ಹಂಗೇ ಇರುವುದಿಲ್ಲ’ ಎಂಬ ಮಾತು ಮೊಬೈಲಿನಲ್ಲಿ ಬರುತ್ತದೆ, ಮದುವೆಮನೆಯ ಪಂಕ್ತಿಯಲ್ಲೂ ಕೇಳಿಸುತ್ತದೆ.

ಬೆಣ್ಣೆದೋಸೆಯ ಊರಾದ ದಾವಣಗೆರೆಯವರಿಗೆ ಇದು ವಿಚಿತ್ರ ಪಥ್ಯ. ಬೆಣ್ಣೆ ಇರಲಿ, ದೋಸೆ ಬೇಡ ಎನ್ನುತ್ತದೆ! ಇದರಲ್ಲಿ ಹುರುಳಿದೆಯೇ? ಇದೆ. ಅಪಾಯವಿದೆಯೇ? ಅದೂ ಇದೆ. ಆದರೆ ಮೊದಲ ಅಪಾಯ ಹೆಚ್ಚಿನವರು ಅಂದುಕೊಂಡಿರುವ ಜಾಗದಲ್ಲಿಲ್ಲ. ಅದು ಇರುವುದು ತಟ್ಟೆಯಲ್ಲಲ್ಲ, ಮಾತ್ರೆಯ ಡಬ್ಬಿಯಲ್ಲಿ.

ಏನಿದು ಕೀಟೋ?

ನಾವು ತಿನ್ನುವ ಅನ್ನ, ರೊಟ್ಟಿ, ಮುದ್ದೆ, ದೋಸೆಗಳಲ್ಲಿ ಮುಖ್ಯವಾಗಿ ಇರುವುದು ಶರ್ಕರಪಿಷ್ಟ, ಅಂದರೆ ಕಾರ್ಬೋಹೈಡ್ರೇಟ್. ಅದು ಜೀರ್ಣವಾಗಿ ಗ್ಲೂಕೋಸ್ ಆಗಿ ರಕ್ತ ಸೇರುತ್ತದೆ. ಎರಡನೇ ವಿಧದ ಮಧುಮೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ, ಕ್ರಮೇಣ ಸಾಕಷ್ಟು ಉತ್ಪತ್ತಿಯೂ ಆಗದೆ, ಆ ಗ್ಲೂಕೋಸ್ ರಕ್ತದಲ್ಲೇ ಉಳಿಯುತ್ತದೆ. ಶರ್ಕರಪಿಷ್ಟವನ್ನು ದಿನಕ್ಕೆ 20ರಿಂದ 50 ಗ್ರಾಂಗೆ ಇಳಿಸಿದರೆ ದೇಹಕ್ಕೆ ಇಂಧನದ ಕೊರತೆ ಬೀಳುತ್ತದೆ. ಆಗ ಯಕೃತ್ತು ಕೊಬ್ಬನ್ನು ಒಡೆದು ‘ಕೀಟೋನ್’ ಎಂಬ ಪದಾರ್ಥ ತಯಾರಿಸುತ್ತದೆ. ಮೆದುಳು, ಸ್ನಾಯುಗಳು ಅದನ್ನೇ ಉರಿಸಿ ಶಕ್ತಿ ಪಡೆಯುತ್ತವೆ. ಇದೇ ಕೀಟೋ ಪಥ್ಯದ ತಿರುಳು.

ಇದು ಹೊಸ ಶೋಧವೇನಲ್ಲ. 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಡಾ. ರಸೆಲ್ ವೈಲ್ಡರ್ ಮೂರ್ಛೆರೋಗದ ಚಿಕಿತ್ಸೆಗಾಗಿ ಈ ಪಥ್ಯವನ್ನು ಸೂಚಿಸಿ ಈ ಹೆಸರಿಟ್ಟರು. ಔಷಧಿಗೆ ಬಗ್ಗದ ಮಕ್ಕಳ ಮೂರ್ಛೆರೋಗಕ್ಕೆ ಇಂದಿಗೂ ಇದನ್ನು ಬಳಸುತ್ತಾರೆ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಮೊದಲ ಬಾರಿಗೆ ರೋಗಿಯೊಬ್ಬನಿಗೆ ಇನ್ಸುಲಿನ್ ಕೊಡುವವರೆಗೂ ಮಧುಮೇಹಕ್ಕೆ ಕಟ್ಟುನಿಟ್ಟಿನ ಪಥ್ಯವೇ ಮುಖ್ಯ ಚಿಕಿತ್ಸೆಯಾಗಿತ್ತು.

ನಮ್ಮ ತಟ್ಟೆಯ ಲೆಕ್ಕ

ಈಗ ನಿಮ್ಮ ಒಂದು ದಿನದ ಊಟವನ್ನು ಲೆಕ್ಕ ಹಾಕಿ. ಬೆಳಿಗ್ಗೆ ಆಲೂಗಡ್ಡೆ ಪಲ್ಯದೊಂದಿಗೆ ಎರಡು ಬೆಣ್ಣೆದೋಸೆ: ಸುಮಾರು 60 ಗ್ರಾಂ ಶರ್ಕರಪಿಷ್ಟ. ಮಧ್ಯಾಹ್ನ ಒಂದು ಜೋಳದ ರೊಟ್ಟಿ, 200 ಗ್ರಾಂನಷ್ಟು ಅನ್ನ, ಬೇಳೆಸಾರು: ಸುಮಾರು 100. ಸಂಜೆ ಒಂದು ತಟ್ಟೆ ಖಾರಾ ಮಂಡಕ್ಕಿ, ಎರಡು ಮಿರ್ಚಿ, ಸಕ್ಕರೆ ಹಾಕಿದ ಚಹಾ: 60ಕ್ಕೂ ಮೇಲೆ. ರಾತ್ರಿ ಮತ್ತೆ ಅನ್ನ, ಸಾರು: ಇನ್ನೊಂದು 60. ಒಟ್ಟು 280 ಗ್ರಾಂ. ಮಂಡಕ್ಕಿ ಹಗುರ, ಏನೂ ಆಗುವುದಿಲ್ಲ ಎಂದು ಭಾವಿಸಬೇಡಿ. ಅದರ ತೂಕದ ಸುಮಾರು ಮುಕ್ಕಾಲು ಪಾಲು ಶರ್ಕರಪಿಷ್ಟವೇ. ನಾರು ತೀರಾ ಕಡಿಮೆಯಾದ್ದರಿಂದ ಸಕ್ಕರೆಯನ್ನು ಬೇಗ ಏರಿಸುತ್ತದೆ.

ಕಟ್ಟುನಿಟ್ಟಿನ ಕೀಟೋದಲ್ಲಿ ಒಂದೇ ಒಂದು ಜೋಳದ ರೊಟ್ಟಿ ತಿಂದರೆ ದಿನದ ಪಾಲು ಬಹುತೇಕ ಮುಗಿದಂತೆ. ಅಂದರೆ 280ರಿಂದ 30ಕ್ಕೆ ಇಳಿಯುವುದು ಸಣ್ಣ ಬದಲಾವಣೆಯಲ್ಲ. ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆದು, ಎರಡು ಹೊತ್ತೂ ಅನ್ನ ಉಣ್ಣುವ ಈ ಸೀಮೆಯವರಿಗೆ ಅದು ಊಟದ ಅರ್ಥವನ್ನೇ ಬದಲಿಸಿದಂತೆ.

ಪ್ರಯೋಜನವಿದೆಯೇ?

ಖಂಡಿತ ಇದೆ. ಮೊದಲ ಕೆಲವು ತಿಂಗಳು ಸಕ್ಕರೆ ಇಳಿಯುತ್ತದೆ, ತೂಕ ಇಳಿಯುತ್ತದೆ, ಹಲವರಿಗೆ ಮಾತ್ರೆಯೂ ಕಡಿಮೆಯಾಗುತ್ತದೆ. 2021ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ 23 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ ಒಂದು ವರದಿ ಪ್ರಕಟಿಸಿತು. ಶರ್ಕರಪಿಷ್ಟ ಕಡಿಮೆ ಮಾಡಿದವರಿಗೆ ಆರು ತಿಂಗಳ ಹೊತ್ತಿಗೆ ಹೆಚ್ಚು ಲಾಭ ಕಂಡಿತ್ತು. ವರ್ಷ ಕಳೆಯುವಷ್ಟರಲ್ಲಿ ಉಳಿದ ಪಥ್ಯದವರಿಗೂ ಇವರಿಗೂ ಇದ್ದ ಅಂತರ ಕಿರಿದಾಗಿತ್ತು. ಕಠಿಣ ಪಥ್ಯವನ್ನು ಬಹುಕಾಲ ಪಾಲಿಸುವುದು ಕಷ್ಟವೆಂಬುದು ಇದಕ್ಕೆ ಒಂದು ಕಾರಣ.

ಇನ್ನೊಂದು ಸಂಗತಿಯೂ ತಿಳಿದಿರಲಿ. ಬ್ರಿಟನ್ನಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ‘ಡೈರೆಕ್ಟ್’ ಎಂಬ ಪ್ರಯೋಗದಲ್ಲಿ ಶೇ 46 ರೋಗಿಗಳ ಮಧುಮೇಹ ಒಂದು ವರ್ಷದಲ್ಲಿ ಮಾತ್ರೆಯಿಲ್ಲದೆ ಹತೋಟಿಗೆ ಬಂತು. ಅವರು ಮಾಡಿದ್ದು ಕೀಟೋ ಅಲ್ಲ; ವೈದ್ಯರ ನಿಗಾದಲ್ಲಿ ಕ್ಯಾಲರಿ ತಗ್ಗಿಸಿ ತೂಕ ಇಳಿಸಿಕೊಂಡದ್ದು. ಅಂದರೆ ದಾರಿ ಒಂದೇ ಅಲ್ಲ. ಹೊಟ್ಟೆಯ ಸುತ್ತಲಿನ, ಯಕೃತ್ತಿನೊಳಗಿನ ಕೊಬ್ಬು ಕರಗುವುದು ಮುಖ್ಯ. ರೋಗ ತಿಳಿದ ಹೊಸತರಲ್ಲಿ ಈ ಅವಕಾಶ ಹೆಚ್ಚು.

ಅಪಾಯ ಎಲ್ಲಿದೆ?

ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಹರಿಹರದ ಕಡೆಯ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿ ಮಾಡುವವರೊಬ್ಬರಿಗೆ ಮಧುಮೇಹ ಪತ್ತೆಯಾಗಿದೆ. ವೈದ್ಯರು ದಿನಕ್ಕೆ 280 ಗ್ರಾಂ ಶರ್ಕರಪಿಷ್ಟ ತಿನ್ನುವ ದೇಹಕ್ಕೆ ಲೆಕ್ಕ ಹಾಕಿ ಮಾತ್ರೆ ಬರೆದಿದ್ದಾರೆ. ಅವರು ಸೋಮವಾರದಿಂದ ಅನ್ನ, ರೊಟ್ಟಿ ಬಿಟ್ಟರು. ಮಾತ್ರೆ ಮಾತ್ರ ಅಷ್ಟೇ ನುಂಗಿದರು. ಊಟದಲ್ಲಿ ಸಕ್ಕರೆಯಾಗುವ ಪದಾರ್ಥವಿಲ್ಲ, ಮಾತ್ರೆ ಸಕ್ಕರೆ ಇಳಿಸುತ್ತಲೇ ಇದೆ. ಬೆಳಗಿನ ಜಾವ ಯಂತ್ರದ ಮುಂದೆ ಕೈ ನಡುಗಿ, ಬೆವೆತು, ಕಣ್ಣು ಮಂಜಾದರೆ? ಪಾಳಿ ಮುಗಿಸಿ ಹೆದ್ದಾರಿಯಲ್ಲಿ ಬೈಕ್ ಓಡಿಸುವಾಗ ತಲೆ ತಿರುಗಿದರೆ? ಆದ್ದರಿಂದಲೇ ಪಥ್ಯಕ್ಕಿಂತ ಮೊದಲು ಚೀಟಿ ನೋಡಬೇಕು.

ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್: ಇವು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಸುರಿಸುವ ಮಾತ್ರೆಗಳು. ಶರ್ಕರಪಿಷ್ಟ ಒಮ್ಮೆಲೇ ಇಳಿಸಿದರೆ ಸಕ್ಕರೆ ತೀರಾ ಕುಸಿಯಬಹುದು. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಮಾತು. ಮೊದಲ ದಿನದಿಂದಲೇ ಪ್ರಮಾಣ ತಗ್ಗಿಸಬೇಕಾಗುತ್ತದೆ. ಎಷ್ಟೆಂಬುದನ್ನು ವೈದ್ಯರೇ ಹೇಳಬೇಕು. ನೀವಾಗಿಯೇ ಔಷಧಿ ನಿಲ್ಲಿಸುವುದೂ ಅಷ್ಟೇ ಅಪಾಯಕರ.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್: ಇವು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಮಾತ್ರೆಗಳು. ಪೇಟೆಂಟ್ ಮುಗಿದು ಅಗ್ಗವಾದ ಮೇಲೆ ಇವುಗಳ ಬಳಕೆ ಹೆಚ್ಚಿದೆ. ಹೃದಯಕ್ಕೆ, ಮೂತ್ರಪಿಂಡಕ್ಕೆ ಒಳ್ಳೆಯ ಔಷಧಿಗಳೇ. ಆದರೆ ಕೀಟೋ ಜೊತೆ ಸೇರಿದರೆ ರಕ್ತದಲ್ಲಿ ಕೀಟೋನ್ ಮಿತಿಮೀರಿ ರಕ್ತ ಆಮ್ಲೀಯವಾಗುವ ಅಪಾಯ ಹೆಚ್ಚುತ್ತದೆ. ವಾಂತಿ, ಹೊಟ್ಟೆನೋವು, ವಿಪರೀತ ಸುಸ್ತು, ದೀರ್ಘವಾದ ಏದುಸಿರು ಇದರ ಲಕ್ಷಣ. ಮೋಸವೇನೆಂದರೆ, ಆಗ ಸಕ್ಕರೆಯ ಅಂಕಿ ಹೆಚ್ಚೇನೂ ಇರದಿರಬಹುದು. ಹೀಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಈ ಮಾತ್ರೆಯ ಹೆಸರನ್ನು ಹೇಳಿ.

ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಸಕ್ಕರೆ ಕುಸಿಯುವ ಭಯ ಕಡಿಮೆ. ಆದರೆ ಎಚ್ಚರ: ಹಲವು ಮಾತ್ರೆಗಳಲ್ಲಿ ಎರಡು ಮೂರು ಔಷಧಿಗಳು ಸೇರಿರುತ್ತವೆ. ‘ನನ್ನದು ಒಂದೇ ಮಾತ್ರೆ’ ಎಂದು ನಿಶ್ಚಿಂತರಾಗಬೇಡಿ. ಸ್ಟ್ರಿಪ್ ಹಿಂದಿನ ಸಣ್ಣ ಅಕ್ಷರ ಓದಿ, ಇಲ್ಲವೇ ಔಷಧಿ ಅಂಗಡಿಯವರಿಂದ ಓದಿಸಿಕೊಳ್ಳಿ. ರಕ್ತದೊತ್ತಡದ ಮಾತ್ರೆ ಇದ್ದರೆ ಅದನ್ನೂ ತೋರಿಸಿ. ಕೀಟೋದ ಮೊದಲ ದಿನಗಳಲ್ಲಿ ದೇಹದಿಂದ ನೀರು, ಉಪ್ಪು ಹೊರಹೋಗಿ ಒತ್ತಡ ಇಳಿಯುತ್ತದೆ.

ಸಕ್ಕರೆ 70ಕ್ಕಿಂತ ಕೆಳಗಿಳಿದರೆ, ಅಥವಾ ನಡುಕ, ಬೆವರು, ಎದೆಬಡಿತ, ಗಲಿಬಿಲಿ ಕಂಡರೆ, ಪಥ್ಯವನ್ನು ಪಕ್ಕಕ್ಕಿಡಿ. ಕೂಡಲೇ ಮೂರು ನಾಲ್ಕು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಯಿರಿ. ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. 108ಕ್ಕೆ ಕರೆ ಮಾಡಬೇಕು.

ಯಾರಿಗೆ ಕೀಟೋ ಬೇಡ?

ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಮೂತ್ರಪಿಂಡ ಅಥವಾ ಯಕೃತ್ತಿನ ತೀವ್ರ ಕಾಯಿಲೆ ಇರುವವರು, ಮೇದೋಜೀರಕ ಗ್ರಂಥಿಯ ಊತ ಬಂದಿದ್ದವರು ಇದರ ಗೊಡವೆಗೆ ಹೋಗಬಾರದು. ತೆಳ್ಳಗಿದ್ದು, ತಾನಾಗಿಯೇ ತೂಕ ಇಳಿಯುತ್ತಿದ್ದರೆ ಅದು ಎರಡನೇ ವಿಧದ ಮಧುಮೇಹವೇ ಎಂದು ಮೊದಲು ಖಚಿತವಾಗಬೇಕು. ಮೊದಲನೇ ವಿಧದವರಿಗೆ ಇನ್ಸುಲಿನ್ ಇಲ್ಲದೆ ಕೀಟೋನ್ ಏರುವುದು ಜೀವಕ್ಕೇ ಅಪಾಯ. ಮೂತ್ರಪಿಂಡದಲ್ಲಿ ಕಲ್ಲಾಗಿದ್ದವರೂ ವೈದ್ಯರನ್ನು ಕೇಳದೆ ಮುಂದುವರಿಯಬಾರದು. ರೋಗ ತಿಳಿದ ಹೊಸತರಲ್ಲೇ ಕಣ್ಣಿನ ಪರೀಕ್ಷೆ ಮಾಡಿಸಿ. ಅಕ್ಷಿಪಟಲ ಈಗಾಗಲೇ ಕೆಟ್ಟಿದ್ದರೆ ಸಕ್ಕರೆ ಸರ್ರನೆ ಇಳಿದಾಗ ಅದು ಕೆಲಕಾಲ ಇನ್ನಷ್ಟು ಕೆಡುವುದುಂಟು.

ವೈದ್ಯರು ಒಪ್ಪಿ ಶುರುಮಾಡಿದರೂ ಮೊದಲ ವಾರ ತಲೆನೋವು, ಸುಸ್ತು, ಕಾಲಿನ ಸೆಳೆತ, ಮಲಬದ್ಧತೆ ಸಾಮಾನ್ಯ. ಸಾಕಷ್ಟು ನೀರು, ಸೊಪ್ಪು, ತರಕಾರಿ ಬೇಕು. ಉಪ್ಪು ಎಷ್ಟೆಂಬುದನ್ನು ರಕ್ತದೊತ್ತಡ ಇರುವವರು ಕೇಳಿಯೇ ತಿಳಿಯಬೇಕು. ಬೆಣ್ಣೆ, ತುಪ್ಪವನ್ನೇ ನೆಚ್ಚಿಕೊಂಡರೆ ಕೆಲವರಲ್ಲಿ ಕೆಟ್ಟ ಕೊಲೆಸ್ಟರಾಲ್ ಏರುತ್ತದೆ. ಮಧುಮೇಹಿಗಳಿಗೆ ಹೃದಯದ ಕಾಯಿಲೆಯ ಅಪಾಯ ಮೊದಲೇ ಹೆಚ್ಚಿರುವಾಗ ಇದನ್ನು ಕಡೆಗಣಿಸುವಂತಿಲ್ಲ.

ನಡುವಿನ ದಾರಿ

ಕೀಟೋ ಆಗದಿದ್ದರೆ ಹಳೆಯ ಊಟವೇ ಗತಿಯೇ? ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ; ಇದು 2023ರಲ್ಲಿ ಪ್ರಕಟವಾದ ಅಂಕಿ. ಅದೇ ಸಮೀಕ್ಷೆಯ ಆಹಾರದ ಲೆಕ್ಕದಂತೆ ನಮ್ಮವರ ಶಕ್ತಿಯ ಶೇ 60ಕ್ಕೂ ಹೆಚ್ಚು ಭಾಗ ಶರ್ಕರಪಿಷ್ಟದಿಂದಲೇ ಬರುತ್ತದೆ. ಹೊಸದಾಗಿ ಮಧುಮೇಹ ಪತ್ತೆಯಾದವರು ಇದನ್ನು ಶೇ 49ರಿಂದ 54ಕ್ಕೆ ಇಳಿಸಿ, ಪ್ರೋಟೀನನ್ನು ಶೇ 20ರ ಹತ್ತಿರಕ್ಕೆ ಏರಿಸಿದರೆ ರೋಗ ಹಿಂದೆ ಸರಿಯುವ ಸಾಧ್ಯತೆ ಇದೆ ಎಂದು 2022ರಲ್ಲಿ ಪ್ರಕಟವಾದ ಅವರ ಅಧ್ಯಯನ ಲೆಕ್ಕ ಹಾಕಿದೆ. ಇದು ನಮ್ಮ ಅಡುಗೆಮನೆಯಲ್ಲಿ ಸಾಧ್ಯವಿರುವ ಮಾತು.

ಹೀಗೆ ಮಾಡಿ. ತಟ್ಟೆಯ ಅರ್ಧ ಭಾಗ ಪಲ್ಯವಿರಲಿ: ಹೀರೇಕಾಯಿ, ಬೆಂಡೆ, ಬದನೆಕಾಯಿ ಎಣಗಾಯಿ, ಪುಂಡಿ, ಮೆಂತ್ಯ, ಯಾವುದಾದರೂ ಸರಿ. ಆಲೂಗಡ್ಡೆ ಪಲ್ಯದ ಲೆಕ್ಕಕ್ಕಿಲ್ಲ. ಕಾಲು ಭಾಗ ಪ್ರೋಟೀನ್: ಮೊಳಕೆ ಬರಿಸಿದ ಹೆಸರುಕಾಳು, ಗಟ್ಟಿಬೇಳೆ, ಮೊಸರು, ಪನೀರ್, ತಿನ್ನುವವರಿಗೆ ಮೊಟ್ಟೆ ಅಥವಾ ಮೀನು. ಉಳಿದ ಕಾಲು ಭಾಗದಲ್ಲಿ ಒಂದು ರೊಟ್ಟಿ ಅಥವಾ ಒಂದು ಸಣ್ಣ ಬಟ್ಟಲು ಅನ್ನ, ಎರಡೂ ಅಲ್ಲ. ಪಲ್ಯ, ಕಾಳು ಮೊದಲು ತಿಂದು ಅನ್ನ ಕೊನೆಗೆ ಉಂಡರೆ ಸಕ್ಕರೆ ನಿಧಾನವಾಗಿ ಏರುತ್ತದೆ. ಸಂಜೆ ಮಂಡಕ್ಕಿಯ ಬದಲು ಒಂದು ಹಿಡಿ ಹುರಿದ ಶೇಂಗಾ, ಒಂದು ಲೋಟ ಮಜ್ಜಿಗೆ. ಚಹಾದ ಸಕ್ಕರೆ ಪೂರ್ತಿ ಹೋಗಲಿ. ಬೆಣ್ಣೆದೋಸೆ ತಿನ್ನಲೇಬೇಕೆನಿಸಿದರೆ ತಿಂಗಳಿಗೊಮ್ಮೆ ಒಂದು, ಆಲೂಗಡ್ಡೆ ಪಲ್ಯವಿಲ್ಲದೆ. ಊಟದ ನಂತರ ಹದಿನೈದು ನಿಮಿಷ ನಡೆಯಿರಿ. ದುಗ್ಗಮ್ಮನ ಜಾತ್ರೆಯ ಹೋಳಿಗೆಗೆ ‘ಬೇಡ’ ಎನ್ನಲಾಗದವರು ಅಂದು ಅನ್ನ ಬಿಡಲಿ.

ಈ ಬದಲಾವಣೆಗೂ ಮಾತ್ರೆಯ ಹೊಂದಾಣಿಕೆ ಬೇಕಾಗಬಹುದು. ಅದಕ್ಕೆ ಎರಡು ವಾರ ಖಾಲಿಹೊಟ್ಟೆಯ ಮತ್ತು ಊಟವಾದ ಎರಡು ಗಂಟೆಯ ನಂತರದ ಸಕ್ಕರೆಯನ್ನು ಬರೆದಿಟ್ಟು ವೈದ್ಯರಿಗೆ ತೋರಿಸಿ. ಶುರುಮಾಡುವ ಮೊದಲು ಕ್ರಿಯಾಟಿನಿನ್, ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿ. ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ನೋಡಿಸಿ. ಮಾತ್ರೆ ನಿಲ್ಲಿಸಿದ ಮೇಲೂ ಮೂರು ತಿಂಗಳು ಅದು 6.5ಕ್ಕಿಂತ ಕೆಳಗೆ ನಿಂತರೆ ರೋಗ ಹಿಂದೆ ಸರಿದಿದೆ ಎನ್ನುತ್ತಾರೆ. ಆದರೆ ಹಿಂದೆ ಸರಿದದ್ದು ಮರಳಿ ಬರಬಹುದು; ತಪಾಸಣೆ ತಪ್ಪಿಸಬೇಡಿ. ಖಾಸಗಿ ಖರ್ಚು ಭಾರವೆನಿಸಿದರೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಹರಿಹರದ ತಾಲ್ಲೂಕು ಆಸ್ಪತ್ರೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಗಳಿವೆ. 30 ವರ್ಷ ದಾಟಿದವರ ಮಧುಮೇಹ, ರಕ್ತದೊತ್ತಡ ತಪಾಸಣೆ ಸರ್ಕಾರಿ ಕಾರ್ಯಕ್ರಮದಲ್ಲೇ ಸೇರಿದೆ.

ಕೀಟೋ ಮಾಡುವಿರೋ, ನಡುವಿನ ದಾರಿ ಹಿಡಿಯುವಿರೋ, ಅದು ನಿಮ್ಮ ದೇಹ, ನಿಮ್ಮ ಮನೆ, ನಿಮ್ಮ ಕೆಲಸ ನೋಡಿ ತೀರ್ಮಾನಿಸಬೇಕಾದದ್ದು. ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ‘ಅನ್ನ, ರೊಟ್ಟಿ ಕಡಿಮೆ ಮಾಡಬೇಕೆಂದಿದ್ದೇನೆ, ಇವುಗಳಲ್ಲಿ ಯಾವುದನ್ನು ಎಷ್ಟು ಬದಲಿಸಬೇಕು?’ ಎಂದು ಕೇಳಿ. ಉತ್ತರ ಸಿಕ್ಕ ಮೇಲೆ ತಟ್ಟೆ ಬದಲಿಸಿ.