ಗಿರಿ, ಗಣಿ ಮತ್ತು ಸರೋವರ: ಒಂದು ಭೂಪಟದ ವಿಚಾರ

ಪರ್ವತಕ್ಕೆ ‘ಅಚಲ’ವೆಂದೂ ಭೂಮಿಗೆ ‘ಅಚಲಾ’ ಎಂದೂ ಸಂಸ್ಕೃತ ಕೋಶಕಾರರು ಪರ್ಯಾಯಪದಗಳನ್ನು ಹೇಳಿರುವರು. ಭೂಪಟವನ್ನು ಓದುವವರ ಮನಸ್ಸಿನಲ್ಲಿಯೂ ಇದೇ ಭಾವನೆ ನೆಲೆಸಿರುವುದುಂಟು. ಒಮ್ಮೆ ಅಳೆದುದು ಎಂದೆಂದಿಗೂ ಸಾಲುವುದೆಂದು ತೋರುತ್ತದೆ. ಗಣಿಗಳಿರುವ ಪ್ರದೇಶದಲ್ಲಿ ಈ ಭಾವನೆ ನಿಲ್ಲಲಾರದು. ಅಮೆರಿಕದ ಯೂಟಾ ರಾಜ್ಯದ ಓಕರ್ ಪರ್ವತಶ್ರೇಣಿಯೂ ಅದರ ಉತ್ತರಕ್ಕಿರುವ ಮಹಾಲವಣ ಸರೋವರವೂ ಇದಕ್ಕೆ ನಿದರ್ಶನವಾಗಿವೆ.

ಭೂಪಟದಲ್ಲಿ ನೆಲದ ಏರಿಳಿತಗಳನ್ನು ತಿಳಿಸತಕ್ಕುದು ಸಮೋನ್ನತ ರೇಖೆ. ಸಮುದ್ರಮಟ್ಟದಿಂದ ಒಂದೇ ಎತ್ತರದಲ್ಲಿರುವ ಸ್ಥಳಗಳನ್ನು ಕೂಡಿಸುವ ಗೆರೆಗೆ ಈ ಹೆಸರು. ಗೆರೆಗಳು ಒತ್ತಾಗಿದ್ದರೆ ಇಳಿಜಾರು ಕಡಿದು. ವಿರಳವಾಗಿದ್ದರೆ ನೆಲವು ಸಮ. ಒಂದರೊಳಗೊಂದು ಸುತ್ತುವ ಗೆರೆಗಳು ಸಾಮಾನ್ಯವಾಗಿ ಶಿಖರವನ್ನು ಸೂಚಿಸುವುವು. ಅವಕ್ಕೆ ಒಳಮುಖವಾಗಿ ಕಿರುಗೀಟುಗಳನ್ನು ಸೇರಿಸಿದರೆ ಅದೇ ಆಕೃತಿಯು ಕುಳಿಯ ಸಂಕೇತವಾಗುವುದು.

ಓಕರ್ ಶ್ರೇಣಿಯ ಪೂರ್ವಪಾರ್ಶ್ವದ ಬಿಂಗಮ್ ಕಣಿವೆಯಲ್ಲಿ 1906ರಿಂದ ನೆಲವನ್ನು ಮೇಲಿನಿಂದಲೇ ಮೆಟ್ಟಿಲುಮೆಟ್ಟಿಲಾಗಿ ಕಡಿದು ತಾಮ್ರದ ಅದಿರನ್ನು ತೆಗೆಯತೊಡಗಿದರು. ಅಲ್ಲಿದ್ದ ಬೆಟ್ಟವು ಕರಗಿ, ಸುಮಾರು 4 ಕಿಲೋಮೀಟರು ಅಗಲದ, 1,200 ಮೀಟರು ಆಳದ ಕುಳಿಯಾಗಿದೆ. ಶಿಖರದ ಗೆರೆಗಳಿದ್ದೆಡೆಯಲ್ಲಿಯೇ ಗೀಟು ಸೇರಿಸಿದ ಗೆರೆಗಳು ಬಂದಿವೆ. ಲೋಹವನ್ನು ಬೇರ್ಪಡಿಸಿದ ಮೇಲೆ ಉಳಿಯುವ ಕಲ್ಲುಪುಡಿಯನ್ನು ನೀರಿನೊಡನೆ ಹರಿಯಿಸಿ, ಶ್ರೇಣಿಯ ಉತ್ತರ ತುದಿಗೂ ಸರೋವರಕ್ಕೂ ನಡುವೆ, ಮ್ಯಾಗ್ನಾ ಎಂಬ ಊರಿನ ಬಳಿ ರಾಶಿಹಾಕಿರುವುದರಿಂದ, ಸಮನೆಲವು ದಿಣ್ಣೆಯಾಗಿದೆ.

ಸರೋವರದ ದಡವಾದರೂ ಸ್ಥಿರವಲ್ಲ. 1849–50ರಲ್ಲಿ ಸೈನ್ಯದ ಅಧಿಕಾರಿ ಹೊವರ್ಡ್ ಸ್ಟಾನ್ಸ್‌ಬರಿಯು ಇದರ ತೀರವನ್ನು ಅಳೆಯಿಸಿದನು. ಈ ಸರೋವರಕ್ಕೆ ಹೊರಹರಿವಿಲ್ಲ, ಆಳವೂ ಕಡಿಮೆ. ಆದುದರಿಂದ ನೀರು ಸ್ವಲ್ಪ ಇಳಿದರೂ ದಡವು ಬಹುದೂರ ಸರಿಯುವುದು. ಒಳಬರುವ ನದಿಗಳ ನೀರನ್ನು ಬೇಸಾಯಕ್ಕೂ ಊರುಗಳಿಗೂ ತಿರುಗಿಸಿದುದು ಈ ಇಳಿತಕ್ಕೆ ಮುಖ್ಯ ಕಾರಣ. 2022ರ ನವೆಂಬರಿನಲ್ಲಿ ನೀರಿನ ಮಟ್ಟವು 1987ರಲ್ಲಿದ್ದುದಕ್ಕಿಂತ ಸುಮಾರು 7 ಮೀಟರು ಕೆಳಗಿತ್ತು.

ಹಾಗಾದರೆ ಅಳತೆಯು ವ್ಯರ್ಥವೇ ಎಂದರೆ, ಹಾಗಲ್ಲ. 2013ರ ಏಪ್ರಿಲ್ 10ರಂದು ಬಿಂಗಮ್ ಗಣಿಯ ಒಂದು ಪಾರ್ಶ್ವವು ಕುಸಿದು, 14 ಕೋಟಿ ಟನ್ನಿಗೂ ಮಿಕ್ಕ ಕಲ್ಲುಮಣ್ಣು ತಳಕ್ಕೆ ಜಾರಿತು. ಆ ಪಾರ್ಶ್ವದ ಅತ್ಯಲ್ಪ ಚಲನೆಯನ್ನು ರೇಡಾರ್ ಮೊದಲಾದ ಯಂತ್ರಗಳು ಮುಂಚೆಯೇ ಅಳೆದು ತಿಳಿಸಿದ್ದುದರಿಂದ ಕೆಲಸಗಾರರನ್ನು ಹೊರಕ್ಕೆ ಕಳುಹಿಸಲಾಗಿತ್ತು, ಒಬ್ಬರಿಗೂ ಗಾಯವಾಗಲಿಲ್ಲ. ಬೆಟ್ಟವು ಅಚಲವೆಂದು ನಂಬಿ ಅಳೆಯದೆ ಇದ್ದಿದ್ದರೆ ಆ ಜನರು ಉಳಿಯುತ್ತಿರಲಿಲ್ಲ.

ಶಾಸನವನ್ನು ಓದುವವರು ಅದರ ಶಕವರ್ಷವನ್ನು ಹುಡುಕುವಂತೆ, ಭೂಪಟವನ್ನು ಓದುವವರು ಅಂಚಿನಲ್ಲಿ ಬರೆದ ಅಳತೆಯ ವರ್ಷವನ್ನು ಮೊದಲು ನೋಡತಕ್ಕದ್ದು. ಭೂಪಟದ ರೇಖೆಗಳು ಆ ವರ್ಷದ ನೆಲಕ್ಕೆ ಮಾತ್ರ ಸಾಕ್ಷಿ.