ಇಳಿವಯಸ್ಸಿನ ಮಧುಮೇಹ: ಕೊಬ್ಬು ಕರಗಲಿ, ಸ್ನಾಯು ಉಳಿಯಲಿ

ಅರವತ್ತು ದಾಟಿದವರಲ್ಲಿ ಮಧುಮೇಹ ಪತ್ತೆಯಾದೊಡನೆ ಮನೆಯಲ್ಲಿ ಮೊದಲು ಬದಲಾಗುವುದು ಊಟದ ತಟ್ಟೆ. ಅನ್ನದ ಜಾಗಕ್ಕೆ ಮುದ್ದೆ ಬರುತ್ತದೆ, ರಾತ್ರಿಯೂಟ ನಿಲ್ಲುತ್ತದೆ, ಮಾತ್ರೆ ಮಾತ್ರ ಎಂದಿನಂತೆ ಮುಂದುವರಿಯುತ್ತದೆ. ತೂಕ ಇಳಿದರೆ ಎಲ್ಲರಿಗೂ ಸಮಾಧಾನ. ಆದರೆ ಇಳಿದದ್ದು ಕೊಬ್ಬೋ, ಸ್ನಾಯುವೋ ಎಂದು ಕೇಳುವವರು ವಿರಳ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಇವರಲ್ಲಿ ಬಹುಪಾಲು ಜನರದು ಎರಡನೇ ಬಗೆಯ ಮಧುಮೇಹ. ಹೊಟ್ಟೆಯ ಸುತ್ತ ಸೇರಿದ ಕೊಬ್ಬು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುವುದು ಇದರ ಪ್ರಮುಖ ಕಾರಣಗಳಲ್ಲೊಂದು. ಹೀಗಾಗಿ ತೂಕದ ಯಂತ್ರದಷ್ಟೇ ಅಳತೆಪಟ್ಟಿಯೂ ಮುಖ್ಯ. ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ಮೀರದಿರುವುದು ಒಳಿತು.

ವಯಸ್ಸಾದ ಮೇಲೆ ಪ್ರಯತ್ನ ವ್ಯರ್ಥವೆಂಬ ಭಾವನೆ ತಪ್ಪು. ಮಧುಮೇಹದ ಹೊಸ್ತಿಲಲ್ಲಿದ್ದವರ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 7ರಷ್ಟು ತೂಕ ಇಳಿಕೆ ಮತ್ತು ವಾರಕ್ಕೆ 150 ನಿಮಿಷಗಳ ವ್ಯಾಯಾಮದ ಗುರಿ ಇಡಲಾಗಿತ್ತು. ಇದರಿಂದ ರೋಗ ಬರುವ ಸಾಧ್ಯತೆ ಒಟ್ಟಾರೆ ಶೇ. 58ರಷ್ಟು ತಗ್ಗಿತು; 60 ದಾಟಿದವರಲ್ಲಿ ಶೇ. 71ರಷ್ಟು!

ಆದರೆ ಊಟ ಬಿಟ್ಟು ತೂಕ ಇಳಿಸಿದರೆ ಕೊಬ್ಬಿನೊಂದಿಗೆ ಸ್ನಾಯುವೂ ಕರಗುತ್ತದೆ. ರಕ್ತದಲ್ಲಿನ ಸಕ್ಕರೆಯನ್ನು ಹೆಚ್ಚಾಗಿ ಬಳಸಿಕೊಳ್ಳುವುದೇ ಸ್ನಾಯು. ಅದು ಕ್ಷೀಣಿಸಿದರೆ ಸಕ್ಕರೆಯ ಹತೋಟಿ ತಪ್ಪುತ್ತದೆ. ನಡಿಗೆ ತಡವರಿಸಿ, ಬಿದ್ದು ಮೂಳೆ ಮುರಿಯುವ ಅಪಾಯ ಹೆಚ್ಚುತ್ತದೆ. ಆದುದರಿಂದ ಹಿರಿಯರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆಂಬುದು ತಜ್ಞರ ಸಲಹೆ. ಬೇಳೆ, ಮೊಳಕೆಕಾಳು, ಮೊಸರು, ಮೊಟ್ಟೆ, ಮೀನು ಇದನ್ನು ಒದಗಿಸಬಲ್ಲವು. ಮೂತ್ರಪಿಂಡದ ತೊಂದರೆಯಿರುವವರು ಮಾತ್ರ ವೈದ್ಯರನ್ನು ಕೇಳಿಯೇ ಪ್ರಮಾಣ ನಿರ್ಧರಿಸಬೇಕು. ನಡಿಗೆಯ ಜೊತೆಗೆ, ಕೈಯೂರದೆ ಕುರ್ಚಿಯಿಂದ ಏಳುವ, ಕೂರುವ ಅಭ್ಯಾಸವೂ ಕಾಲುಗಳಿಗೆ ಬಲ ನೀಡುತ್ತದೆ.

ರಾಗಿಯನ್ನು ಎಷ್ಟಾದರೂ ತಿನ್ನಬಹುದೆಂಬ ನಂಬಿಕೆ ವ್ಯಾಪಕವಾಗಿದೆ. ರಾಗಿಯಲ್ಲಿ ನಾರು, ಸುಣ್ಣದ ಅಂಶ ಹೆಚ್ಚು, ನಿಜ. ಆದರೆ ಅದರ ತೂಕದ ಸುಮಾರು ಮೂರನೇ ಎರಡು ಭಾಗ ಶರ್ಕರಪಿಷ್ಟವೇ. ಎರಡು ದೊಡ್ಡ ಮುದ್ದೆಗಿಂತ, ಒಂದು ಸಣ್ಣ ಮುದ್ದೆ, ಜೊತೆಗೆ ಧಾರಾಳವಾಗಿ ಸೊಪ್ಪಿನ ಸಾರು ಲೇಸು. ತೆಳು ಗಂಜಿ ಬೇಗ ಜೀರ್ಣವಾಗಿ ಸಕ್ಕರೆಯನ್ನೂ ಬೇಗ ಏರಿಸುತ್ತದೆ.

ಏಕಾದಶಿಯಂದು ಉಪವಾಸವಿದ್ದು ಎಂದಿನ ಮಾತ್ರೆ ನುಂಗುವುದು ಅಪಾಯಕಾರಿ. ಕೆಲವು ಮಾತ್ರೆಗಳು ಮತ್ತು ಇನ್ಸುಲಿನ್ ಸಕ್ಕರೆಯನ್ನು 70 ಮಿ.ಗ್ರಾಂ.ಗಿಂತ ಕೆಳಕ್ಕೆ ಇಳಿಸಬಲ್ಲವು. ಬೆವರು, ನಡುಕ, ಗೊಂದಲದ ಮಾತು ಇದರ ಲಕ್ಷಣಗಳು; ಹಿರಿಯರಲ್ಲಿ ಇವನ್ನು ಮುಪ್ಪಿನ ಮರೆವೆಂದು ಭಾವಿಸುವುದುಂಟು. ಎಚ್ಚರವಿದ್ದರೆ ಕೂಡಲೇ 15 ಗ್ರಾಂ ಗ್ಲೂಕೋಸ್ ಕೊಟ್ಟು, 15 ನಿಮಿಷಗಳ ನಂತರ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯ ಗುರಿಯೂ ಎಲ್ಲರಿಗೂ ಒಂದೇ ಅಲ್ಲ. ಆರೋಗ್ಯವಂತ ಹಿರಿಯರಿಗೆ 7ರಿಂದ 7.5ರೊಳಗೆ, ಹಲವು ಕಾಯಿಲೆಗಳಿರುವವರಿಗೆ 8ರೊಳಗೆ ಇದ್ದರೆ ಸಾಕೆನ್ನಲಾಗುತ್ತದೆ. ತೂಕ ಇಳಿದಂತೆ ಔಷಧದ ಪ್ರಮಾಣವನ್ನೂ ವೈದ್ಯರು ಮರುಪರಿಶೀಲಿಸಬೇಕಾಗುತ್ತದೆ. ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿದ್ದರೆ ಅದು ಸಂತಸದ ಸಂಗತಿಯಲ್ಲ, ತಡಮಾಡದೆ ವೈದ್ಯರನ್ನು ಕಾಣಬೇಕಾದ ಸೂಚನೆ.