ಲಿನಕ್ಸ್ ಗಣಕಯಂತ್ರಕ್ಕೆ ಸ್ಥಿರ ಐಪಿ ವಿಳಾಸ ಅಳವಡಿಸುವ ವಿಧಾನ: ಶಕ್ತಿನಗರದ ಸಾರ್ವಜನಿಕರಿಗೆ ಮಾಹಿತಿ

ರಾಯಚೂರು ತಾಲ್ಲೂಕಿನ ಶಕ್ತಿನಗರದಲ್ಲಿ 1985ರಿಂದ ಶಾಖೋತ್ಪನ್ನ ವಿದ್ಯುತ್ ಕೇಂದ್ರವು ಕಾರ್ಯನಿರ್ವಹಿಸುತ್ತಿದೆ. ವಿದ್ಯುತ್ ಉತ್ಪಾದಿಸುವ ಊರಿನಲ್ಲಿಯೂ ಕ್ಷಣಕಾಲ ವಿದ್ಯುತ್ ಹೋದರೆ ಅರ್ಜಿ ಸಲ್ಲಿಸುವ ಕೇಂದ್ರದ ರೂಟರ್ ಹೊಸದಾಗಿ ಚಾಲನೆಗೊಳ್ಳುತ್ತದೆ. ಆಗ ಗಣಕಯಂತ್ರಗಳ ವಿಳಾಸಗಳು ಬದಲಾಗುವ ಸಂಭವವಿದ್ದು, ಮುದ್ರಣಯಂತ್ರವಿರುವ ಗಣಕಯಂತ್ರವನ್ನು ಉಳಿದವು ಗುರುತಿಸಲಾರವು. ಅರ್ಜಿಯ ಸ್ಥಿತಿ ತಿಳಿಯಲು ಅಗತ್ಯವಾದ ಸ್ವೀಕೃತಿ ಪತ್ರ ದೊರೆಯದೆ, ಕೂಲಿ ಬಿಟ್ಟು ಬಂದ ಅರ್ಜಿದಾರರು ಮತ್ತೊಂದು ದಿನ ಬರಬೇಕಾಗುತ್ತದೆ. ಸ್ಥಿರ ಐಪಿ ವಿಳಾಸವು ಈ ತೊಂದರೆಯನ್ನು ನಿವಾರಿಸುತ್ತದೆ.

ಐಪಿ ವಿಳಾಸ ಎಂದರೇನು?

ಜಾಲದಲ್ಲಿರುವ ಪ್ರತಿ ಯಂತ್ರವನ್ನು ಗುರುತಿಸುವ ಸಂಖ್ಯೆಯೇ ಐಪಿ ವಿಳಾಸ. ಇದರಲ್ಲಿ 0ರಿಂದ 255ರವರೆಗಿನ ನಾಲ್ಕು ಸಂಖ್ಯೆಗಳಿರುತ್ತವೆ. ಸಾಮಾನ್ಯವಾಗಿ ರೂಟರ್ ಡಿಎಚ್‌ಸಿಪಿ ಎಂಬ ವ್ಯವಸ್ಥೆಯ ಮೂಲಕ ಇದನ್ನು ತಾತ್ಕಾಲಿಕವಾಗಿ ಹಂಚುತ್ತದೆ. ಬಳಕೆದಾರರೇ ನಮೂದಿಸಿದ, ತಾನಾಗಿ ಬದಲಾಗದ ವಿಳಾಸವು ಸ್ಥಿರ ವಿಳಾಸ.

ಯಾರಿಗೆ ಅಗತ್ಯ?

ಮುದ್ರಣಯಂತ್ರ ಅಥವಾ ಕಡತಗಳನ್ನು ಇತರ ಗಣಕಯಂತ್ರಗಳೊಂದಿಗೆ ಹಂಚಿಕೊಳ್ಳುವ ಯಂತ್ರಕ್ಕೆ ಮಾತ್ರ ಇದು ಅಗತ್ಯ. ಮನೆಯಿಂದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಸಲ್ಲಿಸುವವರಿಗೆ ಅಗತ್ಯವಿಲ್ಲ. ಇಲ್ಲಿ ವಿವರಿಸಿರುವುದು ಕೇಂದ್ರದ ಒಳಜಾಲದ ವಿಳಾಸವಾಗಿದ್ದು, ಇದಕ್ಕೆ ಯಾವುದೇ ಶುಲ್ಕವಿರುವುದಿಲ್ಲ. ಅಂತರಜಾಲ ಸಂಸ್ಥೆಗಳು ಶುಲ್ಕ ಪಡೆದು ನೀಡುವ ಸಾರ್ವಜನಿಕ ಸ್ಥಿರ ವಿಳಾಸವು ಬೇರೆ. ಈ ಕಾರ್ಯಕ್ಕೆ ಅದನ್ನು ಪಡೆಯಬೇಕಾಗಿಲ್ಲ.

ಪೂರ್ವಸಿದ್ಧತೆ

1. ಈಗಿರುವ ವಿಳಾಸ, ನೆಟ್‌ಮಾಸ್ಕ್, ಗೇಟ್‌ವೇ ಮತ್ತು ಡಿಎನ್‌ಎಸ್ ವಿವರಗಳನ್ನು ಬರೆದಿಟ್ಟುಕೊಳ್ಳಬೇಕು.

2. ರೂಟರ್ ತಾನಾಗಿ ಹಂಚುವ ವಿಳಾಸಗಳ ಶ್ರೇಣಿಯನ್ನು ತಿಳಿದುಕೊಂಡು, ಅದರ ಹೊರಗಿನ ವಿಳಾಸವನ್ನು ಆರಿಸಬೇಕು. ಉದಾಹರಣೆಗೆ, ರೂಟರ್ ವಿಳಾಸ 192.168.1.1 ಆಗಿದ್ದು, ಹಂಚಿಕೆಯ ಶ್ರೇಣಿ 192.168.1.100ರಿಂದ 192.168.1.200 ಆಗಿದ್ದರೆ, 192.168.1.20 ಅನ್ನು ಆರಿಸಬಹುದು.

3. ಎಲ್ಲ ಯಂತ್ರಗಳು ಚಾಲನೆಯಲ್ಲಿರುವಾಗ ಆ ವಿಳಾಸಕ್ಕೆ ಪಿಂಗ್ ಆದೇಶ ನೀಡಿ ನೋಡಬೇಕು. ಉತ್ತರ ಬಂದರೆ ಅದು ಬಳಕೆಯಲ್ಲಿದೆ ಎಂದರ್ಥ, ಬೇರೊಂದನ್ನು ಆರಿಸಬೇಕು.

ಅಳವಡಿಸುವ ಕ್ರಮ

ಉಬುಂಟು, ಡೆಬಿಯನ್ ಮುಂತಾದವುಗಳ ಗ್ನೋಮ್ ಪರದೆಯಲ್ಲಿ ಈ ಕೆಳಕಂಡ ಕ್ರಮವನ್ನು ಅನುಸರಿಸಬೇಕು.

1. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ವಿಭಾಗವನ್ನು ತೆರೆದು, ತಂತಿ ಸಂಪರ್ಕದ ಪಕ್ಕದ ಹಲ್ಲುಚಕ್ರದ ಚಿಹ್ನೆಯನ್ನು ಒತ್ತಬೇಕು.

2. ಐಪಿವಿ4 ಪುಟದಲ್ಲಿ ಮ್ಯಾನ್ಯುಯಲ್ ಆಯ್ಕೆ ಮಾಡಬೇಕು.

3. ವಿಳಾಸ 192.168.1.20, ನೆಟ್‌ಮಾಸ್ಕ್ 255.255.255.0, ಗೇಟ್‌ವೇ 192.168.1.1 ಎಂದು ನಮೂದಿಸಬೇಕು. ಡಿಎನ್‌ಎಸ್ ಸ್ಥಳದಲ್ಲಿ ಮೊದಲೇ ಬರೆದಿಟ್ಟುಕೊಂಡ ವಿಳಾಸವನ್ನು ತುಂಬಬೇಕು.

4. ಅಪ್ಲೈ ಒತ್ತಿ, ಸಂಪರ್ಕವನ್ನು ಒಮ್ಮೆ ಸ್ಥಗಿತಗೊಳಿಸಿ ಪುನಃ ಆರಂಭಿಸಬೇಕು.

5. ಇತರ ಗಣಕಯಂತ್ರಗಳಲ್ಲಿ ಮುದ್ರಣಯಂತ್ರಕ್ಕೆ ಹೊಸ ವಿಳಾಸವನ್ನು ನೀಡಬೇಕು.

ಪರಿಶೀಲನೆ

ಮೊದಲು ರೂಟರ್ ವಿಳಾಸಕ್ಕೆ ಪಿಂಗ್ ಮಾಡಬೇಕು. ಉತ್ತರ ಬಾರದಿದ್ದರೆ ತಂತಿಯನ್ನೂ ನಮೂದಿಸಿದ ವಿಳಾಸ ಮತ್ತು ನೆಟ್‌ಮಾಸ್ಕ್‌ಗಳನ್ನೂ ಪರಿಶೀಲಿಸಬೇಕು. ಉತ್ತರ ಬಂದರೂ ಜಾಲತಾಣಗಳು ತೆರೆಯದಿದ್ದರೆ ಗೇಟ್‌ವೇ ಮತ್ತು ಡಿಎನ್‌ಎಸ್ ನಮೂದುಗಳನ್ನು ನೋಡಬೇಕು. ಕೊನೆಯದಾಗಿ, ರೂಟರನ್ನು ಒಮ್ಮೆ ಆರಿಸಿ ಹಚ್ಚಿ, ಬೇರೊಂದು ಗಣಕಯಂತ್ರದಿಂದ ಒಂದು ಪುಟವನ್ನು ಮುದ್ರಿಸಿ ಖಚಿತಪಡಿಸಿಕೊಳ್ಳಬೇಕು.

ಗಮನಿಸಬೇಕಾದ ಅಂಶಗಳು

* ಒಂದೇ ವಿಳಾಸವನ್ನು ಎರಡು ಯಂತ್ರಗಳಿಗೆ ನೀಡಬಾರದು. ನೀಡಿದಲ್ಲಿ ಎರಡರ ಸಂಪರ್ಕವೂ ಆಗಾಗ ಕಡಿತಗೊಳ್ಳುತ್ತದೆ.
* ನೀಡಿದ ವಿಳಾಸಗಳ ಪಟ್ಟಿಯನ್ನು ಕೇಂದ್ರದಲ್ಲಿ ಬರೆದಿಡಬೇಕು.
* ಸರ್ಕಾರಿ ಕಚೇರಿಗಳ ಜಾಲದಲ್ಲಿ ಸಂಬಂಧಿಸಿದ ತಾಂತ್ರಿಕ ಸಿಬ್ಬಂದಿ ನೀಡಿದ ವಿಳಾಸವನ್ನೇ ಬಳಸತಕ್ಕದ್ದು.
* ಮೊದಲಿನ ಸ್ಥಿತಿಗೆ ಮರಳಲು ಐಪಿವಿ4 ಪುಟದಲ್ಲಿ ಆಟೋಮ್ಯಾಟಿಕ್ ಡಿಎಚ್‌ಸಿಪಿ ಆಯ್ಕೆ ಮಾಡಿದರೆ ಸಾಕು.